ಸೈನಿಕರ ಸಿನಿಮಾಕ್ಕೆ ಹಸಿರು ಚೀಟಿ

ಸಿನಿಮಾ ಅಳೆಯುವುದರಲ್ಲಿ ಬಾಗಲಗುಂಟೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಈ ಮಾತನ್ನು ಈಗ ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ಈ ಸಲದ ಗಣರಾಜ್ಯೋತ್ಸವದ ತನಕ ಬೇರೆಯವರು ಹೇಳುತ್ತಿದ್ದರು.

ನಾನು ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವ ಇನ್‌ಸ್ಪೆಕ್ಟರ್. ನನ್ನ ಮೇಜಿನ ಮೇಲೆ ಮೂರು ಬಣ್ಣದ ಚೀಟಿಗಳಿರುತ್ತಿದ್ದವು. ಹಸಿರು ಎಂದರೆ ಪಾಸು. ಹಳದಿ ಎಂದರೆ ತಿದ್ದಿ ತನ್ನಿ. ಕೆಂಪು ಎಂದರೆ ಗುಜರಿ. ಪೆಟ್ಟಿಗೆಯ ತುಂಬ ಬೋಲ್ಟ್ ಬಂದರೆ ಎಲ್ಲವನ್ನೂ ಅಳೆಯುತ್ತಾ ಕೂರುವವರು ದಡ್ಡರು. ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ತೆಗೆದು ನೋಡಬೇಕು. ಮೂರೂ ಸರಿಯಿದ್ದರೆ ಇಡೀ ಪೆಟ್ಟಿಗೆ ಸರಿ. ಇದಕ್ಕೆ ಸ್ಯಾಂಪಲ್ ನೋಡುವುದು ಎನ್ನುತ್ತಾರೆ. ನಾನು ಪಾಸು ಮಾಡಿದ ಯಾವ ಪೆಟ್ಟಿಗೆಯೂ ವಾಪಸು ಬಂದಿರಲಿಲ್ಲ, ಅಥವಾ ಬಂದದ್ದನ್ನು ನನಗೆ ಯಾರೂ ಹೇಳಿರಲಿಲ್ಲ.

ನಿವೃತ್ತಿಯಾದ ಮಾತ್ರಕ್ಕೆ ಕಲಿತ ವಿದ್ಯೆ ಬಿಡುತ್ತದೆಯೇ? ಅಕ್ಕಿ ಮೂಟೆ, ಮಾವಿನಹಣ್ಣು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು, ಎಲ್ಲವನ್ನೂ ಇದೇ ಪದ್ಧತಿಯಲ್ಲಿ ಪರೀಕ್ಷಿಸಿದೆ. ಕೊನೆಗೆ ಸಿನಿಮಾಕ್ಕೆ ಬಂದೆ. ಮೊದಲಲ್ಲಿ ಸ್ವಲ್ಪ, ನಡುವೆ ಸ್ವಲ್ಪ, ಕೊನೆಯಲ್ಲಿ ಸ್ವಲ್ಪ ನೋಡಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬಣ್ಣ ಘೋಷಿಸುತ್ತಿದ್ದೆ. ಉಳಿದ ಹೊತ್ತಿನಲ್ಲಿ ಸಾರೂ ಆಗುತ್ತಿತ್ತು, ಪಲ್ಯವೂ ಆಗುತ್ತಿತ್ತು.

"ವನಜಾಕ್ಷಿ ಆಂಟಿ ಹಸಿರು ಕೊಟ್ರೆ ಕಣ್ಮುಚ್ಕೊಂಡು ಹೋಗ್ಬಹುದು ಕಣ್ರೀ" ಎಂದು ಕೆಳಗಿನ ಮನೆಯ ಪದ್ಮಾ ಎಲ್ಲರಿಗೂ ಹೇಳುತ್ತಿದ್ದಳು.

"ಕಣ್ಮುಚ್ಕೊಂಡು ಹೋಗೋದಾದ್ರೆ ಸಿನಿಮಾಕ್ಕೆ ಯಾಕೆ ಹೋಗ್ಬೇಕು?" ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೇಳುತ್ತಿದ್ದರು. ಇವರಿಗೆ ಮದುವೆಯಾದ ಹೊಸದರಲ್ಲೇ ನಾನು ಹಳದಿ ಚೀಟಿ ಕೊಟ್ಟಿದ್ದೇನೆ. ತಿದ್ದುಪಡಿ ಇನ್ನೂ ನಡೆದಿದೆ.

ಇನ್ನು ಸಂಗಪ್ಪನ ವಿಷಯ. ಸಂಗಪ್ಪ ನಮ್ಮ ಗೇಟಿನ ವಾಚ್‌ಮನ್. ಬಾಗಲಕೋಟೆ ಕಡೆಯವನು. ಸೈನ್ಯದಲ್ಲಿ ಹವಾಲ್ದಾರನಾಗಿದ್ದು, ಯುದ್ಧವನ್ನೂ ನೋಡಿ ಬಂದವನು. ಹೆಂಡತಿ ಇಲ್ಲ. ಗೇಟಿನ ಬಳಿ ಪಂಪ್ ರೂಮಿನ ಪಕ್ಕದ ಕೋಣೆಯಲ್ಲಿ ಅವನೂ ಅವನ ಮಗಳು ಸಾವಿತ್ರಿಯೂ ಇದ್ದರು. ಹುಡುಗಿ ದಾಸರಹಳ್ಳಿಯ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಪರೀಕ್ಷೆ ಹತ್ತಿರದಲ್ಲೇ ಇತ್ತು. ಪಂಪಿನ ಸದ್ದಿಗೆ ಎದ್ದು ಓದುತ್ತೇನೆ, ಅಲಾರಂ ಬೇಡ ಎಂದು ನಗುತ್ತಿದ್ದಳು.

ನಮ್ಮಲ್ಲಿ ಹೆಚ್ಚಿನವರು ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಮನೆಯ ಒಂದು ಸ್ಪೇರ್ ಕೀಯನ್ನು ಯಾವಾಗಲೂ ಗೇಟಿನಲ್ಲಿ ಸಂಗಪ್ಪನ ಹತ್ತಿರವೇ ಇಟ್ಟಿರುವುದು ನಮ್ಮ ಅಪಾರ್ಟ್‌ಮೆಂಟಿನ ಪದ್ಧತಿ. ಅವನ ಕೋಣೆಯ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಪ್ರತಿ ಮೊಳೆಗೊಂದು ಕೀ. ಕೆಲಸದವಳು ಬಂದರೆ ಕೊಡುತ್ತಿದ್ದ, ಗ್ಯಾಸ್ ಬಂದರೆ ತಾನೇ ಮೇಲೆ ಹೊತ್ತು ತಂದು ಇಡುತ್ತಿದ್ದ. ಇಡೀ ದಿನ ಮನೆಯಲ್ಲೇ ಇರುವ ನಮ್ಮದೂ ಒಂದು ಕೀ ಅಲ್ಲಿತ್ತು. ನಮ್ಮ ಬಾಗಿಲು ಎಳೆದರೆ ತಾನೇ ಲಾಕ್ ಆಗುವ ಜಾತಿಯದು. ನಾನು ಹಾಲಿಗೆಂದು ಹೊರಗೆ ಬಂದು ಎಳೆದುಕೊಂಡು ಬಿಡುತ್ತಿದ್ದೆ. ಸಂಗಪ್ಪ ಏನೂ ಕೇಳದೆ ಕೀ ಹಿಡಿದು ಮೆಟ್ಟಿಲು ಹತ್ತುತ್ತಿದ್ದ.

"ಅಂಕಲ್, ನೀವು ಎಷ್ಟು ಜನರನ್ನ ಶೂಟ್ ಮಾಡಿದ್ರಿ?" ಎಂದು ಮಕ್ಕಳು ಕೇಳಿದರೆ ಸಂಗಪ್ಪನದು ಒಂದೇ ಉತ್ತರ. "ಅಲ್ಲಿ ಥಂಡಿ ಭಾಳ ಇತ್ತಪ್ಪಾ. ಬಂದೂಕಕಿಂತಾ ಸಾಕ್ಸ್ ಒಣಗಸೂದ ದೊಡ್ಡ ಕೆಲಸಿತ್ತು." ಮಕ್ಕಳಿಗೆ ನಿರಾಸೆಯಾಗುತ್ತಿತ್ತು.

ಇಂಥ ಸಂಗಪ್ಪನ ಕೆಲಸಕ್ಕೆ ಕುತ್ತು ಬಂತು. ನಮ್ಮ ಸಂಘದ ಅಧ್ಯಕ್ಷರು ನಾಗಭೂಷಣ. ನಾನಿದ್ದ ಕಾರ್ಖಾನೆಯಲ್ಲೇ ಮ್ಯಾನೇಜರ್ ಆಗಿದ್ದವರು, ಇನ್ನೂ ಅದರಿಂದ ಪೂರ್ತಿ ನಿವೃತ್ತರಾಗಿಲ್ಲ. ಸಂಗಪ್ಪನನ್ನು ಬಿಡಿಸಿ ಒಂದು ಸೆಕ್ಯೂರಿಟಿ ಏಜೆನ್ಸಿಗೆ ಗುತ್ತಿಗೆ ಕೊಡಬೇಕು, ಪ್ರತಿ ಮಹಡಿಗೂ ಕ್ಯಾಮೆರಾ ಹಾಕಿಸಬೇಕು ಎಂದು ಅವರು ಹೊರಟಿದ್ದರು. ಗಣರಾಜ್ಯೋತ್ಸವ ಕಳೆದು ಬರುವ ಭಾನುವಾರ ಸಭೆ, ಅದರಲ್ಲಿ ತೀರ್ಮಾನ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಪರೀಕ್ಷೆಯ ಹೊಸ್ತಿಲಲ್ಲಿ ಆ ಹುಡುಗಿ ಎಲ್ಲಿಗೆ ಹೋಗಬೇಕು ಎಂದು ನನಗೆ ಚಿಂತೆಯಾಯಿತು.

"ಸಭೆಯಲ್ಲಿ ಎದ್ದು ನಿಂತು ಹೇಳು, ಸಂಗಪ್ಪನೇ ಇರ್ಲಿ ಅಂತ" ಎಂದರು ನಮ್ಮವರು.

"ಬರೀ ಮಾತಿಗೆ ಈ ಜನ ಕರಗ್ತಾರೇನ್ರೀ? ಮನಸ್ಸು ಮುಟ್ಟೋ ಹಾಗೆ ಏನಾದ್ರೂ ಮಾಡ್ಬೇಕು."

"ಎದ್ದು ನಿಂತು ಹೇಳೋದು ಸುಲಭ. ಅದಕ್ಕೇ ನಿನಗೆ ಬೇಡ."

ಈ ಮಾತನ್ನು ನಾನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಆದರೆ ಗಂಡ ಹೇಳಿದ್ದು ಸರಿ ಎಂದು ಕೂಡಲೇ ಒಪ್ಪಿಕೊಳ್ಳುವ ಅಭ್ಯಾಸ ನನ್ನಲ್ಲಿಲ್ಲ. ನನಗೊಂದು ಭವ್ಯವಾದ ಉಪಾಯ ಹೊಳೆದಿತ್ತು. ಗಣರಾಜ್ಯೋತ್ಸವದ ಸಂಜೆ ಸಂಗಪ್ಪನಿಗೆ ಸನ್ಮಾನ. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರ ಬಗ್ಗೆ ಒಂದು ಸಿನಿಮಾ ನೋಡುವುದು. ಜನ ಅಳುತ್ತಾರೆ. ಅತ್ತ ಜನ ಭಾನುವಾರ ಸಂಗಪ್ಪನ ಪರ ಕೈ ಎತ್ತುತ್ತಾರೆ.

ನಾಗಭೂಷಣ ಅವರಿಗೆ ಹೇಳಿದಾಗ ಕನ್ನಡಕ ಮೇಲೇರಿಸಿ, "ಆಗ್ಲಿ. ಆದ್ರೆ ಸಿನಿಮಾ ಸರಿಯಾಗಿದೆಯಾ ಅಂತ ಮೊದಲು ನೀವು ಪರೀಕ್ಷೆ ಮಾಡಿ ಚೀಟಿ ಕೊಡಿ ವನಜಾಕ್ಷಮ್ಮ. ಜವಾಬ್ದಾರಿ ನಿಮ್ದು" ಎಂದರು. ಮ್ಯಾನೇಜರುಗಳು ಜವಾಬ್ದಾರಿ ಹಂಚುವ ಕಲೆಯನ್ನು ಮರೆಯುವುದಿಲ್ಲ.

ಸಿನಿಮಾ ಹುಡುಕಿದೆ. ಸಿಕ್ಕಿತು. ಹೆಸರು ಹೇಳುವುದಿಲ್ಲ, ಪಾಪ ಅದರದೇನೂ ತಪ್ಪಿಲ್ಲ. ಮನೆಯಲ್ಲಿ ಅವರೆಕಾಯಿ ಕಾಲ, ನೆನೆಸಿದ ಕಾಳು ಹಿದುಕುತ್ತಾ ಟಿವಿಯ ಮುಂದೆ ಕೂತು ಮೊದಲ ಸ್ಯಾಂಪಲ್ ತೆಗೆದೆ. ಹಿಮ ಸುರಿಯುತ್ತಿದೆ, ಒಬ್ಬ ಸುಬೇದಾರ ಗಾಯಗೊಂಡ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿಯುತ್ತಿದ್ದಾನೆ. ಕಾಳು ಕೈಯಲ್ಲೇ ಉಳಿಯಿತು. ನಡುವಿನ ಸ್ಯಾಂಪಲ್ ತೆಗೆದೆ. ಸುಬೇದಾರ ತಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾನೆ, ತಾಯಿ ಅವನ ತಲೆ ಸವರುತ್ತಿದ್ದಾಳೆ. ಕೊನೆಯ ಸ್ಯಾಂಪಲ್ ತೆಗೆದೆ. ಸುಬೇದಾರ ಸತ್ತಿದ್ದಾನೆ, ಹಳೆಯ ಗೆಳೆಯನೊಬ್ಬ ಹೆಣದ ಮೇಲೆ ಬಾವುಟ ಹೊದಿಸಿದ್ದಾನೆ, ಕಹಳೆ ಮೊಳಗುತ್ತಿದೆ, ಊರಿಗೆ ಊರೇ ಎದ್ದು ನಿಂತಿದೆ. ನನ್ನ ಕಣ್ಣೀರು ಹಿದುಕಿದ ಬೇಳೆಯ ಪಾತ್ರೆಗೆ ಬಿತ್ತು.

"ಪೂರ್ತಿ ನೋಡಿದ್ಯಾ?" ಎಂದು ನಮ್ಮವರು ಕೇಳಿದರು.

"ಮೂರು ಸ್ಯಾಂಪಲ್ ನೋಡಿದೆ. ಮೂರೂ ಅಪ್ಪಟ."

"ನಡುವೆ ಅಷ್ಟು ಹೊತ್ತು ಸುಬೇದಾರ ಏನ್ ಮಾಡ್ತಿದ್ದ?"

"ದೇಶಸೇವೆ ಮಾಡ್ತಿರ್ತಾನೆ, ಇನ್ನೇನ್ ಮಾಡ್ತಾನೆ?"

ಗುಂಪಿನಲ್ಲಿ ಬರೆದೆ: "ಹಸಿರು ಚೀಟಿ. ದೇಶಭಕ್ತಿ ಉಕ್ಕಿಸುವ, ಕುಟುಂಬ ಸಮೇತ ನೋಡಲೇಬೇಕಾದ ಚಿತ್ರ. ನೋಡಿದ ಮೇಲೆ ನಮ್ಮ ಗೇಟಿನಲ್ಲಿ ನಿಂತಿರುವ ಮನುಷ್ಯನನ್ನು ನೀವು ಬೇರೆಯೇ ಕಣ್ಣಿನಿಂದ ನೋಡುತ್ತೀರಿ." ನನ್ನ ಬದುಕಿನಲ್ಲಿ ಇಷ್ಟು ಕರಾರುವಾಕ್ಕಾದ ವಿಮರ್ಶೆಯನ್ನು ನಾನು ಬೇರೆ ಬರೆದಿಲ್ಲ.

ಗಣರಾಜ್ಯೋತ್ಸವದ ಸಂಜೆ ಕೆಳಗಿನ ಪಾರ್ಕಿಂಗ್ ಜಾಗದಿಂದ ಕಾರುಗಳನ್ನು ತೆಗೆಸಿ ಕುರ್ಚಿ ಹಾಕಿದೆವು. ಪರದೆಗೆ ಪದ್ಮಾಳ ಮನೆಯ ಬೆಡ್‌ಶೀಟ್. ಅದರ ಮೂಲೆಯಲ್ಲೊಂದು ನವಿಲಿತ್ತು, ಹಾಗಾಗಿ ಇಡೀ ಯುದ್ಧ ಒಂದು ನವಿಲಿನ ಸಮ್ಮುಖದಲ್ಲಿ ನಡೆಯಿತು. ಮೂರನೇ ಮಹಡಿಯ ಸಾಫ್ಟ್‌ವೇರ್ ದಂಪತಿ ಪ್ರೊಜೆಕ್ಟರ್ ತಂದರು. ಕಡಲೆಕಾಯಿ, ಮಂಡಕ್ಕಿ ಹಂಚಿಕೆಯಾಯಿತು.

ಸಂಗಪ್ಪನನ್ನು ಮುಂದಿನ ಸಾಲಿಗೆ ಕರೆತರುವುದೇ ಸಾಹಸವಾಯಿತು.

"ನನಗ್ಯಾಕ್ರಿ ಅಕ್ಕಾರ ಇದೆಲ್ಲಾ? ಗೇಟ್ ಬಿಟ್ಟ ನಾ ಹೆಂಗ ಕುಂದರ್ಲಿ?"

"ಒಂದಿನ ಕೂತ್ಕೋ ಸಂಗಪ್ಪ. ಗೇಟ್ ಎಲ್ಲಿಗೂ ಓಡಿಹೋಗಲ್ಲ."

ನಾಗಭೂಷಣ ಅವರು ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿದರು. ಪೇಟ ಅವನ ತಲೆಗೆ ಚಿಕ್ಕದು, ಅವರೇ ಅದುಮಿ ಕೂರಿಸಿದರು. ಸಾವಿತ್ರಿ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಆ ಹುಡುಗಿಯ ಮುಖ ನೋಡಿ, ಭಾನುವಾರದ ಸಭೆಯನ್ನು ನಾನಾಗಲೇ ಗೆದ್ದೆ ಎಂದುಕೊಂಡೆ.

ಸಿನಿಮಾ ಶುರುವಾಯಿತು. ಹಿಮ, ಗುಂಡು, ಬೆನ್ನ ಮೇಲೆ ಗೆಳೆಯ. ಕತ್ತಲಲ್ಲಿ ಮೂಗೆಳೆಯುವ ಸದ್ದು ಕೇಳಿಸಿತು. ಪದ್ಮಾ ನನ್ನ ಕೈ ಹಿಡಿದು, "ಎಷ್ಟ್ ಚೆನ್ನಾಗಿದೆ ಅಲ್ವಾ ಆಂಟಿ" ಎಂದಳು. ಯುದ್ಧ ಮುಗಿದು ನಾಲ್ವರು ಗೆಳೆಯರು ಊರಿಗೆ ಬಂದರು. ಕೆಲಸವಿಲ್ಲ. ಆಫೀಸಿನಿಂದ ಆಫೀಸಿಗೆ ಅಲೆದರು. ಕೊನೆಗೆ ಸುಬೇದಾರ ಪಟ್ಟಣದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಆಗಿ ಸೇರಿಕೊಂಡ.

"ಥೇಟ್ ನಮ್ಮ ಸಂಗಪ್ಪನ ಹಾಗೇ" ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರೂ ಪ್ರೀತಿಯಿಂದ ನಕ್ಕರು. ಸಂಗಪ್ಪನೂ ಪೇಟ ಬೀಳದ ಹಾಗೆ ಹಿಡಿದುಕೊಂಡು ನಕ್ಕ. ಆ ಸಂಜೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮುಂದಿನ ದೃಶ್ಯದಲ್ಲಿ ಸುಬೇದಾರ ಒಂದು ಸೋಪು ತೆಗೆದುಕೊಂಡ. ಮುಖ ತೊಳೆಯುತ್ತಾನೆ ಎಂದುಕೊಂಡೆ. ಅವನು ಒಂದು ಮನೆಯವರು ಕೊಟ್ಟು ಹೋಗಿದ್ದ ಕೀಯನ್ನು ಸೋಪಿನ ಮೇಲಿಟ್ಟು ಒತ್ತಿ ಅಚ್ಚು ತೆಗೆದ.

ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು.

ಇನ್ನೊಂದು ಕೀ. ಇನ್ನೊಂದು ಸೋಪು. ಯಾವ ಮನೆಯವರು ಎಷ್ಟು ಹೊತ್ತಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಮುದುಕಿ ಒಬ್ಬಳೇ ಇರುತ್ತಾಳೆ ಎಂದು ಸುಬೇದಾರ ತನ್ನ ಗೆಳೆಯರಿಗೆ ಒಪ್ಪಿಸುತ್ತಿದ್ದ. ನಾಲ್ವರೂ ಸೇರಿ ಮನೆಗಳಿಗೆ ನುಗ್ಗತೊಡಗಿದರು. ನಾನು ಯಾವುದನ್ನು ದೇಶಸೇವೆ ಎಂದುಕೊಂಡಿದ್ದೆನೋ ಅದು ದರೋಡೆಯಾಗಿತ್ತು. ಎರಡು ಸ್ಯಾಂಪಲ್ಲುಗಳ ನಡುವೆ ಇಷ್ಟೊಂದು ಕಳ್ಳತನ ಹಿಡಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ವನಜಾ, ಇದೇನಾ ಹಸಿರು?" ಎಂದು ನಮ್ಮವರು ಕಿವಿಯಲ್ಲಿ ಕೇಳಿದರು.

"ಸುಮ್ನಿರಿ. ಮುಂದೆ ತಾಯಿ ಕಾಲಿಗೆ ಎಣ್ಣೆ ಹಚ್ತಾನೆ."

ಹಚ್ಚಿದ. ಆದರೆ ಎಣ್ಣೆಯ ಬಾಟಲಿ ಕದ್ದ ದುಡ್ಡಿನದು ಎಂದು ಆಗ ಎಲ್ಲರಿಗೂ ಗೊತ್ತಿತ್ತು.

ಮೊದಲು ಎದ್ದದ್ದು ಪದ್ಮಾ. "ನೀರು ಕುಡ್ದು ಬರ್ತೀನಿ ಆಂಟಿ" ಎಂದು ಹೋದಳು. ಕಾಲಡಿಯಲ್ಲೇ ನೀರಿನ ಬಾಟಲಿ ಇತ್ತು. ವಾಪಸು ಬಂದು ಕೂತಾಗ ಅವಳ ಮುಷ್ಟಿಯೊಳಗೆ ಏನೋ ಕಿಣಿ ಎಂದಿತು. ಆಮೇಲೆ ಸಾಫ್ಟ್‌ವೇರ್ ದಂಪತಿಯಲ್ಲಿ ಗಂಡ ಫೋನ್ ಬಂತೆಂದು ಎದ್ದ. ಫೋನ್ ಪ್ರೊಜೆಕ್ಟರಿನ ಪಕ್ಕದಲ್ಲೇ ಇತ್ತು. ನಂತರ ಕಾರಣ ಹೇಳುವುದನ್ನೂ ಜನ ಬಿಟ್ಟರು. ಒಬ್ಬೊಬ್ಬರಾಗಿ ಬಗ್ಗಿಕೊಂಡು, ಪರದೆಗೆ ನೆರಳು ಬೀಳದಂತೆ ಎಚ್ಚರ ವಹಿಸಿ, ಬಹಳ ಸಭ್ಯತೆಯಿಂದ ಗೇಟಿನ ಕಡೆ ಹೋಗತೊಡಗಿದರು. ಅಲ್ಲಿ ಕತ್ತಲಲ್ಲಿ ಹಲಗೆ ತಡಕಾಡುವ ಸದ್ದು, ಕೀಗಳು ನೆಲಕ್ಕೆ ಬೀಳುವ ಸದ್ದು.

ಸಂಗಪ್ಪ ಒಮ್ಮೆ ಹಿಂತಿರುಗಿ ನೋಡಿದ. ಕುತ್ತಿಗೆಯ ಹಾರ ತೆಗೆದು ತನ್ನ ಕುರ್ಚಿಯ ಮೇಲೆ ಇಟ್ಟ. ಮಗಳಿಗೆ ಏನೋ ಹೇಳಿ ಎದ್ದು ಹೋದ.

ಇನ್ನು ನಾನು ಸುಮ್ಮನೆ ಕೂರುವುದು ಸಾಧ್ಯವಿರಲಿಲ್ಲ. ಜನರನ್ನು ತಡೆಯಬೇಕು, ಇದು ಬರೀ ಸಿನಿಮಾ ಕಣ್ರೀ ಎಂದು ಬೈಯಬೇಕು, ಸಂಗಪ್ಪನ ಪಕ್ಕ ನಿಲ್ಲಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೆ. ಇದು ನಿಜ. ನಾನು ಹೊರಟದ್ದು ಅದಕ್ಕೇ.

ಗೇಟಿನ ಕೋಣೆಯಲ್ಲಿ ದೀಪ ಹಾಕಿತ್ತು. ಸಂಗಪ್ಪ ಶಾಲು ಹೊದ್ದು, ಪೇಟ ತೊಟ್ಟು ಹಲಗೆಯ ಮುಂದೆ ನಿಂತಿದ್ದ. ಎದುರಿಗೆ ನಮ್ಮ ಜನ ಸಾಲಾಗಿ, ಪ್ರಸಾದಕ್ಕೆ ಬಂದವರ ಹಾಗೆ ನಿಂತಿದ್ದರು. ಗಡಿಬಿಡಿಯಲ್ಲಿ ಒಬ್ಬರ ಕೀಯನ್ನು ಇನ್ನೊಬ್ಬರು ತೆಗೆದುಕೊಂಡಾರೆಂದು ಅವನೇ ಒಂದೊಂದಾಗಿ ತೆಗೆದು ಕೊಡುತ್ತಿದ್ದ. "ತಗೋರಿ ಸರ. ನಿಮ್ದ ಇದಲ್ರಿ ಮೇಡಂ, ಇದು ನೋಡ್ರಿ." ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಥ್ಯಾಂಕ್ಸ್ ಮಾತ್ರ ಎಲ್ಲರೂ ಹೇಳುತ್ತಿದ್ದರು.

ನಾನು ಸಾಲು ದಾಟಿ ಮುಂದೆ ಹೋದೆ. ಬಾಯಿ ತೆರೆದೆ. ನಾನು ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ಹಿತ್ತಾಳೆ ಬಿಲ್ಲೆ ಕಟ್ಟಿದ್ದ ನಮ್ಮ ಕೀಯನ್ನು ಮೊಳೆಯಿಂದ ತೆಗೆದು ನನ್ನ ಮುಂದೆ ಚಾಚಿದ.

"ತಗೋರಿ ಅಕ್ಕಾರ, ನಿಮ್ದು."

ಬೇಡ ಎನ್ನಬೇಕಿತ್ತು. ಅಲ್ಲೇ ಇರಲಿ ಸಂಗಪ್ಪ ಎನ್ನಬೇಕಿತ್ತು. ಹೇಳಬೇಕಾದ ಮಾತೆಲ್ಲ ನಾಲಿಗೆಯ ಮೇಲೇ ಇತ್ತು. ಆದರೆ ನಾಲಿಗೆಗಿಂತ ಮೊದಲು ಕೈ ಮುಂದೆ ಹೋಯಿತು. ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ ಎಂದು ಕಾಣುತ್ತದೆ. ಆಮೇಲೆ ವಾಪಸು ಕೊಡಲು ಹೊರಟರೆ, ಏನು ಹೇಳಿ ಕೊಡುವುದು? ಹಿಂದೆ ನಿಂತವರು ನೂಕುತ್ತಿದ್ದರು.

ಬಂದು ಕೂತಾಗ ನನ್ನ ಮೂರನೇ ಸ್ಯಾಂಪಲ್ ಬಂದಿತ್ತು. ಬಾವುಟ, ಕಹಳೆ, ಹೆಣ. ಪರದೆಯ ಮೇಲಿನ ಊರು ಎದ್ದು ನಿಂತಿತು. ಕೀ ಸಿಕ್ಕಿ ಮನಸ್ಸು ಹಗುರಾಗಿದ್ದ ನಮ್ಮ ಜನರೂ ಕುರ್ಚಿ ಬಿಟ್ಟು ಎದ್ದು ನಿಂತರು. ನಾಗಭೂಷಣ ಸೆಲ್ಯೂಟ್ ಹೊಡೆದರು. ಸತ್ತ ಸುಬೇದಾರನಿಗೆ ಇಡೀ ಅಪಾರ್ಟ್‌ಮೆಂಟ್ ಗೌರವ ಸಲ್ಲಿಸುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಸಾವಿತ್ರಿ ಒಬ್ಬಳೇ ಕೂತಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ಹಾರ ಇತ್ತು.

ಮರುದಿನದಿಂದ ಹಲಗೆಯಲ್ಲಿ ಬರೀ ಮೊಳೆಗಳು. ಸಂಗಪ್ಪ ಎಂದಿನಂತೆ ಗೇಟು ತೆಗೆಯುತ್ತಿದ್ದ, ಹಾಕುತ್ತಿದ್ದ. ನನ್ನ ಕೀಯನ್ನು ಮತ್ತೆ ತೂಗುಹಾಕಿ ಬರೋಣವೆಂದು ದಿನವೂ ಕೆಳಗೆ ಹೋಗುತ್ತಿದ್ದೆ. ಅಷ್ಟು ಖಾಲಿ ಮೊಳೆಗಳ ನಡುವೆ ಒಂದು ಕೀ ನೇತುಹಾಕಿದರೆ ಅದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಕೊತ್ತಂಬರಿ ಸೊಪ್ಪು ತೆಗೆದುಕೊಂಡು ವಾಪಸು ಬರುತ್ತಿದ್ದೆ. ಆ ವಾರ ನಮ್ಮ ಮನೆಯಲ್ಲಿ ಎಲ್ಲ ಅಡುಗೆಯೂ ಹಸಿರಾಗಿತ್ತು.

ಭಾನುವಾರ ಸಭೆ ಸೇರಿತು. ನಾಗಭೂಷಣ ಗಂಟಲು ಸರಿಮಾಡಿಕೊಂಡರು. "ಸಂಗಪ್ಪನ ಮೇಲೆ ನಮಗ್ಯಾರಿಗೂ ಅನುಮಾನ ಇಲ್ಲ. ಅವನಿಗೆ ನಾವೇ ಸನ್ಮಾನ ಮಾಡಿದ್ದೀವಿ. ಆದ್ರೆ ಒಂದು ಸಿಸ್ಟಮ್ ಅಂತ ಇರ್ಬೇಕಲ್ವಾ?"

ನಾನು ಎದ್ದು ನಿಂತೆ. ನಮ್ಮವರು ಹೇಳಿದ್ದು ಸರಿ, ಎದ್ದು ನಿಲ್ಲುವುದು ಬಹಳ ಸುಲಭ.

"ಸಾರ್, ಒಂದು ಸಿನಿಮಾ ನೋಡ್ಕೊಂಡು ಒಬ್ಬ ಮನುಷ್ಯನ್ನ ಅಳೀಬಾರದು. ಸಂಗಪ್ಪನ್ನ ನಾವು ಇಷ್ಟು ವರ್ಷದಿಂದ ನೋಡಿದ್ದೀವಿ. ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಇದೆ."

"ತುಂಬಾ ಸಂತೋಷ ವನಜಾಕ್ಷಮ್ಮ" ಎಂದರು ನಾಗಭೂಷಣ, ಮೃದುವಾಗಿ. "ನಿಮ್ಮ ಕೀ ಎಲ್ಲಿದೆ?"

ಎಲ್ಲರ ಕಣ್ಣೂ ನನ್ನ ಸೊಂಟಕ್ಕೆ ಬಂದವು. ಹಿತ್ತಾಳೆ ಬಿಲ್ಲೆ ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆಯುತ್ತಿತ್ತು. ಸೆರಗು ಎಳೆದುಕೊಂಡೆ.

"ಸಂಗಪ್ಪನ್ನ ಎಲ್ಲರಿಗಿಂತ ಜಾಸ್ತಿ ಮೆಚ್ಚಿಕೊಂಡಿರೋರು ನೀವು. ನೀವೇ ಕೀ ತಗೊಂಡಿದ್ದೀರಿ ಅಂದ್ಮೇಲೆ ಉಳಿದೋರನ್ನ ಏನು ಕೇಳೋದು? ಒಂದು ಸ್ಯಾಂಪಲ್ ನೋಡಿದ್ರೆ ಸಾಕಲ್ವಾ?"

ಎಲ್ಲರೂ ನಕ್ಕರು. ನಾನು ಕೂತೆ. ಸಂಗಪ್ಪನೇ ಇರಲಿ ಎನ್ನುವವರು ಕೈ ಎತ್ತಿ ಎಂದಾಗ ಎದ್ದ ಕೈ ನಮ್ಮ ಮನೆಯವರದು ಒಂದೇ. ನಾನೂ ಎತ್ತಿದೆ, ಆದರೆ ಅಷ್ಟರಲ್ಲಿ ಎಣಿಕೆ ಮುಗಿದು ಬಿಸ್ಕತ್ತಿನ ತಟ್ಟೆ ಬಂದಿತ್ತು. ನನಗೆ ಬಿಸ್ಕತ್ತು ಬೇಕೆಂದು ತಿಳಿದು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಸಂಗಪ್ಪನಿಗೆ ಊರಿನ ಇನ್ನೊಂದು ತುದಿಯ ಬೆಳ್ಳಂದೂರಿನ ಒಂದು ಟೆಕ್ ಪಾರ್ಕಿನ ಗೇಟಿನಲ್ಲಿ ಕೆಲಸ ಸಿಕ್ಕಿತು. ಉಳಿಯಲು ಅಲ್ಲಿಯ ವಾಚ್‌ಮನ್‌ಗಳೆಲ್ಲ ಸೇರಿ ಮಲಗುವ ಕೋಣೆ. ಹುಡುಗಿಯನ್ನು ಅಲ್ಲಿಗೆ ಕರೆದೊಯ್ಯುವಂತಿರಲಿಲ್ಲ. ಹೊರಡುವ ದಿನ ಟ್ರಂಕು, ಗ್ಯಾಸ್ ಒಲೆ, ಪುಸ್ತಕದ ಚೀಲ ಗೇಟಿನ ಹತ್ತಿರ ಇಟ್ಟುಕೊಂಡು ನಿಂತಿದ್ದರು. ನಾನು ಇಳಿದು ಹೋದೆ.

"ಸಾವಿತ್ರಿ ಪರೀಕ್ಷೆ ಮುಗಿಯೋವರೆಗೂ ನಮ್ಮನೇಲಿ ಇರ್ಲಿ ಸಂಗಪ್ಪ. ಒಂದು ರೂಮು ಖಾಲಿನೇ ಇದೆ."

ಅವನು ಮಗಳ ಕಡೆ ನೋಡಿದ. ಆಮೇಲೆ ತಲೆ ಆಡಿಸಿದ. "ಬ್ಯಾಡ್ರಿ ಅಕ್ಕಾರ. ನಾಳೆ ನಿಮ್ಮ ಮನ್ಯಾಗ ಏನರ ಒಂದ ಸಾಮಾನ ಕಾಣ್ಸಲಿಲ್ಲಂದ್ರ ಅಕೀಗೆ ತ್ರಾಸ ಆಗ್ತೈತಿ. ಇಲ್ಲೇ ಎಂಟನೇ ಮೈಲಿಯೊಳಗ ಅಕಿ ಗೆಳತಿ ಖೋಲಿ ಐತ್ರಿ. ಅಲ್ಲಿರ್ತಾಳ."

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಸಿಲಿಂಡರ್ ಎಲ್ಲಿ ಇಡಲಿ ಎಂದು ಕೇಳುವ ಧ್ವನಿಯಲ್ಲೇ ಹೇಳಿದ. ನನಗೆ ಅಳು ಬಂತು. ಕಣ್ಣೊರೆಸಿಕೊಂಡೆ. ಅವನಿಗೆ ಪಾಪ ಎನಿಸಿರಬೇಕು, ಮಾತು ಬದಲಿಸಿದ.

"ಆ ಪಿಚ್ಚರ್ ಕಡೀಕ ಏನಾತ್ರಿ ಅಕ್ಕಾರ? ನಾ ಗೇಟಿಗೆ ಹೋಗಿದ್ನೆಲ್ಲ, ನೋಡಾಕ ಆಗ್ಲಿಲ್ಲ."

"ಸುಬೇದಾರ ಸತ್ತ" ಎಂದೆ. "ಬಾವುಟ ಹೊದಿಸಿದ್ರು. ಎಲ್ಲರೂ ಎದ್ದು ನಿಂತ್ರು."

"ಎಲ್ಲಾರೂ?"

"ಎಲ್ಲರೂ. ನಾವೂ ನಿಂತ್ವಿ."

"ಹಂಗಾರ ಛಲೋ ಆತ್ ಬಿಡ್ರಿ" ಎಂದು ಟ್ರಂಕು ಎತ್ತಿ ಆಟೋದಲ್ಲಿಟ್ಟ.

ಆ ವಾರ ನಾನು ಜೀವನದಲ್ಲಿ ಮೊದಲ ಸಲ ಒಂದು ಸಿನಿಮಾವನ್ನು ಶುರುವಿನಿಂದ ಕೊನೆಯವರೆಗೆ, ಕೈಯಲ್ಲಿ ಅವರೆಕಾಯಿ ಇಲ್ಲದೆ ನೋಡಿದೆ. ಆ ಸಿನಿಮಾವನ್ನೇ ನೋಡಿದೆ. ಕೆಟ್ಟ ಚಿತ್ರವಲ್ಲ. ಹಾಡುಗಳು ಹೆಚ್ಚಾಗಿವೆ. ಸುಬೇದಾರನ ಮೀಸೆ ಒಂದು ದೃಶ್ಯದಲ್ಲಿ ಒಂದು ಅಳತೆ, ಮುಂದಿನ ದೃಶ್ಯದಲ್ಲಿ ಇನ್ನೊಂದು ಅಳತೆ. ಸೈನಿಕರೆಂದರೆ ಒಂದೋ ದೇವರು, ಇಲ್ಲವೇ ದರೋಡೆಕೋರರು ಎಂದು ತೋರಿಸುವ ಆತುರ ಅದಕ್ಕೂ ಇದೆ. ಸಾಕ್ಸ್ ಒಣಗಿಸುವವನು ಅದರಲ್ಲಿ ಎಲ್ಲೂ ಇಲ್ಲ. ಆದರೆ ಒಂದು ದೃಶ್ಯ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಸುಬೇದಾರ ಸಿಕ್ಕಿಬಿದ್ದು ಠಾಣೆಯಲ್ಲಿ ಕೂತಿದ್ದಾನೆ. ಯುದ್ಧ ಮಾಡಿ ಬಂದವನು ಕಳ್ಳ ಯಾಕಾದೆ ಎಂದು ಪೊಲೀಸರು ಕೇಳುತ್ತಾರೆ. ಅವನು ಹೇಳುತ್ತಾನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಮನೆಯ ಸರ ಕಾಣೆಯಾಯಿತಂತೆ. ಎಲ್ಲರೂ ಬಂದು ಅವನ ಟ್ರಂಕು ಬಿಚ್ಚಿದರಂತೆ. ಮೆಡಲುಗಳನ್ನು ನೆಲಕ್ಕೆ ಸುರಿದು ಹುಡುಕಿದರಂತೆ. ಸರ ಆ ಮನೆಯ ಅಜ್ಜಿಯ ದಿಂಬಿನ ಕೆಳಗೆ ಸಿಕ್ಕಿತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಅವನ ಕೈಗೆ ಒಂದು ಲಾಡು ಕೊಟ್ಟರು. ಅವತ್ತೇ ಅವನು ಅಂಗಡಿಗೆ ಹೋಗಿ ಸೋಪು ಕೊಂಡ.

ಈ ದೃಶ್ಯ ಅವತ್ತು ಬೆಡ್‌ಶೀಟಿನ ಮೇಲೆ ನಡೆಯುತ್ತಿದ್ದಾಗ ನಾವೆಲ್ಲ ಎಲ್ಲಿದ್ದೆವು ಎಂದು ಲೆಕ್ಕ ಹಾಕಿ ನೋಡಿದೆ. ಗೇಟಿನಲ್ಲಿ ಸಾಲು ನಿಂತಿದ್ದೆವು. ಸಾವಿತ್ರಿಯೂ ನವಿಲೂ ಮಾತ್ರ ನೋಡಿರಬೇಕು.

"ಈಗ ಯಾವ ಚೀಟಿ ಕೊಡ್ತೀಯ?" ಎಂದು ನಮ್ಮವರು ಕೇಳಿದರು. ನಾನು ಟಿವಿ ಆರಿಸಿ ಅಡುಗೆಮನೆಗೆ ಹೋದೆ.

ಈಗ ನಮ್ಮ ಗೇಟಿನಲ್ಲಿ ನೀಲಿ ಯೂನಿಫಾರ್ಮ್. ವಾರಕ್ಕೊಬ್ಬ ಬದಲಾಗುತ್ತಾನೆ, ನಮ್ಮನ್ನು ನಂಬರಿನಿಂದ ಗುರುತಿಸುತ್ತಾನೆ. ಪ್ರತಿ ಮಹಡಿಗೂ ಕ್ಯಾಮೆರಾ ಬಂದಿದೆ. ಸಂಗಪ್ಪನ ಕೋಣೆಯಲ್ಲಿ ಅದರ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ.

ಮೊನ್ನೆ ನಮ್ಮವರು ತುಮಕೂರಿಗೆ ತಂಗಿಯ ಮನೆಗೆ ಹೋಗಿದ್ದರು. ಸಂಜೆ ನಾನು ಕಸದ ಬುಟ್ಟಿ ಹಿಡಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಟಕ್ ಎಂದಿತು. ಸೊಂಟ ಮುಟ್ಟಿ ನೋಡಿಕೊಂಡೆ. ಅಷ್ಟು ಜೋಪಾನವಾಗಿ ವಾಪಸು ತಂದಿದ್ದ ಕೀ ಒಳಗೆ ಫ್ರಿಜ್ಜಿನ ಮೇಲೆ ಇತ್ತು. ಇನ್ನೊಂದು ತುಮಕೂರಿನಲ್ಲಿ. ಒಲೆಯ ಮೇಲೆ ಏನೂ ಇರಲಿಲ್ಲ ಎನ್ನುವುದೊಂದೇ ಪುಣ್ಯ. ಕೆಳಗೆ ಹೋಗಿ ನೀಲಿ ಯೂನಿಫಾರ್ಮಿನವನಿಗೆ ಹೇಳಿದೆ.

"ಸ್ಪೇರ್ ಕೀ ಯಾರ ಹತ್ರಾನೂ ಕೊಟ್ಟಿಲ್ವಾ ಮೇಡಂ?" ಎಂದ.

"ಇಲ್ಲಪ್ಪ" ಎಂದೆ.

ಮೇಲೆ ಬಂದೆ. ಚಳಿಗೆ ತಲೆಯ ತುಂಬ ಸೆರಗು ಸುತ್ತಿಕೊಂಡೆ. ಕೂದಲಿನ ಪಿನ್ನು ತೆಗೆದು ಲಾಕಿನೊಳಗೆ ತಿರುವಿದೆ. ಪಿನ್ನು ಮುರಿಯಿತು. ಬಾಗಿಲಿಗೆ ಭುಜ ಕೊಟ್ಟು ನೂಕಿದೆ. ಭುಜ ನೋಯಿತು. ನಮ್ಮವರು ಬಸ್ಸು ಹತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದರು. ಮೆಟ್ಟಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಫೋನ್ ಕಿಣಿಗುಟ್ಟಿತು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ನಾಗಭೂಷಣ ಒಂದು ಫೋಟೋ ಹಾಕಿದ್ದರು. ಕ್ಯಾಮೆರಾ ಮೇಲಿನಿಂದ ತೆಗೆದದ್ದು, ಮಸುಕು ಮಸುಕು. ತಲೆಗೆ ಬಟ್ಟೆ ಸುತ್ತಿಕೊಂಡ ಒಂದು ದಪ್ಪ ಹೆಂಗಸು ಬಗ್ಗಿ ಬೀಗ ಕೀಳುತ್ತಿದ್ದಳು. ಕೆಳಗೆ ಬರೆದಿತ್ತು: "ಎಚ್ಚರಿಕೆ. ಎರಡನೇ ಮಹಡಿಯಲ್ಲಿ ಅನುಮಾನಾಸ್ಪದ ಮಹಿಳೆ. ಯಾರೂ ಬಾಗಿಲು ತೆಗೆಯಬೇಡಿ."

ಯಾರೂ ತೆಗೆಯಲಿಲ್ಲ. ಮೇಲೆ ಕೆಳಗೆ ಎಲ್ಲ ಮನೆಗಳಲ್ಲೂ ಒಳಗಿನಿಂದ ಚಿಲಕ ಬೀಳುವ ಸದ್ದು ಒಂದರ ಹಿಂದೆ ಒಂದು ಕೇಳಿಸಿತು. ಗುಂಪಿನಲ್ಲಿ ಸಂದೇಶಗಳು ಸುರಿಯತೊಡಗಿದವು. ನೋಡಿದ್ರೇನೇ ಕಳ್ಳಿ ಥರ ಇದ್ದಾಳೆ ಎಂದು ಒಬ್ಬರು. ಕ್ಯಾಮೆರಾ ಹಾಕ್ಸಿದ್ದು ಒಳ್ಳೇದಾಯ್ತು ಎಂದು ಇನ್ನೊಬ್ಬರು. ಕೊನೆಯಲ್ಲಿ ಪದ್ಮಾ ಕೇಳಿದ್ದಳು: "ವನಜಾಕ್ಷಿ ಆಂಟಿ, ನಿಮ್ಮ ಮಹಡೀಲೇ ಇದ್ದಾಳೆ, ಹುಷಾರು. ಇವಳಿಗೆ ಯಾವ ಚೀಟಿ?"

ಫೋಟೋವನ್ನು ದೊಡ್ಡದು ಮಾಡಿ ಪೂರ್ತಿ ನೋಡಿದೆ. ಸ್ಯಾಂಪಲ್ ಅಲ್ಲ, ತಲೆಯಿಂದ ಕಾಲಿನವರೆಗೆ. ಆಮೇಲೆ ಕೆಂಪು ಎಂದು ಬರೆದು ಕಳಿಸಿ, ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಾ ಕೂತೆ.